ಬಿಗಿಯಾದ ಚರ್ಮದ ಪಾದರಕ್ಷೆಗಳನ್ನು ಹದಗೊಳಿಸುವಿಕೆ

ಬಿಗಿಯಾದ ಚರ್ಮದ ಪಾದರಕ್ಷೆಗಳನ್ನು ಹದಗೊಳಿಸುವಿಕೆ ಎಂದರೆ ಹೊಸದಾಗಿ ಕೊಂಡ ಅಥವಾ ಬಹುಕಾಲ ಬಳಸದೆ ಗಡುಸಾದ ಚರ್ಮದ ಶೂ, ಚಪ್ಪಲಿ, ಬೂಟುಗಳನ್ನು ಧರಿಸುವವರ ಪಾದದ ಆಕಾರಕ್ಕೆ ಹೊಂದುವಂತೆ ಮೆದುಗೊಳಿಸುವ ಮತ್ತು ಸ್ವಲ್ಪಮಟ್ಟಿಗೆ ಹಿಗ್ಗಿಸುವ ಕ್ರಿಯೆ. ಆಡುಮಾತಿನಲ್ಲಿ ಹೊಸ ಚಪ್ಪಲಿಯು ಕಾಲನ್ನು ಉಜ್ಜಿ ಗಾಯ ಮಾಡುವುದನ್ನು ಚಪ್ಪಲಿ 'ಕಚ್ಚುವುದು' ಎನ್ನುತ್ತಾರೆ. ಈ ಕಚ್ಚುವಿಕೆಯನ್ನು ತಪ್ಪಿಸಲು ಎಣ್ಣೆ ಸವರುವುದು, ದಪ್ಪ ಕಾಲುಚೀಲದೊಡನೆ ಧರಿಸುವುದು, ಒದ್ದೆ ಕಾಗದ ತುಂಬುವುದು, ಮರದ ಅಚ್ಚು ಹಾಕುವುದು ಮೊದಲಾದ ಮನೆಯ ವಿಧಾನಗಳು ರೂಢಿಯಲ್ಲಿವೆ. ಇವುಗಳಿಂದ ಪಾದರಕ್ಷೆಯ ಅಗಲವನ್ನು ಕೆಲವು ಮಿಲಿಮೀಟರುಗಳಷ್ಟು ಹೆಚ್ಚಿಸಬಹುದು. ಅಟ್ಟೆಯ ಅಳತೆ ಬದಲಾಗದ ಕಾರಣ ಉದ್ದವನ್ನು ಹೆಚ್ಚಿಸಲು ಸಾಧ್ಯವಿಲ್ಲ. ಮಧುಮೇಹ ಅಥವಾ ಕುಷ್ಠರೋಗದಿಂದ ಪಾದದ ಸ್ಪರ್ಶಜ್ಞಾನ ಕುಂದಿರುವವರಿಗೆ ಈ ವಿಧಾನಗಳು ಅಪಾಯಕಾರಿ.

ಪದಗಳು

ಪಾದರಕ್ಷೆಗೆ ಕನ್ನಡದಲ್ಲಿ ಹಲವು ಹೆಸರುಗಳಿವೆ. ಹಳಗನ್ನಡದ 'ಕೆರ್ಪು' ಎಂಬ ಪದವು 'ಕೆರಹು', 'ಕೆರ' ಎಂದಾಗಿ ಉಳಿದುಬಂದಿದೆ. 'ಮೆಟ್ಟು' ಎಂಬ ನಾಮಪದವು ತುಳಿ ಎಂಬರ್ಥದ ಕ್ರಿಯಾಪದದಿಂದ ಬಂದಿದೆ. 'ಎಕ್ಕಡ' ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುವ ಪದ. ಸಂಸ್ಕೃತದ 'ಪಾದುಕಾ' ಶಬ್ದದ ತದ್ಭವ ರೂಪ 'ಹಾವುಗೆ' ಹೆಚ್ಚಾಗಿ ಮರದ ಪಾದರಕ್ಷೆಯನ್ನು ಸೂಚಿಸುತ್ತದೆ. 'ಜೋಡು', 'ಚಪ್ಪಲಿ', 'ಬೂಟು', 'ಶೂ' ಎಂಬವು ಇತರ ಬಳಕೆಯ ಪದಗಳು. ಪಾದರಕ್ಷೆಯ ತಳಭಾಗವನ್ನು 'ಅಟ್ಟೆ' ಎಂದೂ ಮೇಲಿನ ಪಟ್ಟಿಯನ್ನು 'ಬಾರು' ಎಂದೂ ಕರೆಯಲಾಗುತ್ತದೆ. 'ಹದ' ಎಂಬ ಪದವು ಚರ್ಮದ ಕಸುಬಿನಲ್ಲಿ ಎರಡು ಅರ್ಥಗಳಲ್ಲಿ ಬಳಕೆಯಾಗುತ್ತದೆ: ಹಸಿ ತೊಗಲನ್ನು ಕೊಳೆಯದ ಚರ್ಮವಾಗಿ ಮಾರ್ಪಡಿಸುವುದು ಮೊದಲನೆಯದು, ಸಿದ್ಧವಾದ ಚರ್ಮವನ್ನು ಮೆದುಗೊಳಿಸುವುದು ಎರಡನೆಯದು. ಈ ಲೇಖನವು ಎರಡನೆಯ ಅರ್ಥಕ್ಕೆ ಸಂಬಂಧಿಸಿದೆ.

ಚರ್ಮದ ರಚನೆ ಮತ್ತು ಹಿಗ್ಗುವ ಗುಣ

ಚರ್ಮವು ಮುಖ್ಯವಾಗಿ ಕೊಲಾಜೆನ್ ಎಂಬ ಪ್ರೋಟೀನಿನ ನಾರುಗಳಿಂದ ಆಗಿದೆ. ಈ ನಾರುಗಳು ಬಟ್ಟೆಯ ಎಳೆಗಳಂತೆ ಕ್ರಮವಾಗಿ ನೇಯ್ದುಕೊಂಡಿರದೆ ಎಲ್ಲ ದಿಕ್ಕುಗಳಲ್ಲಿಯೂ ಹೆಣೆದುಕೊಂಡಿರುತ್ತವೆ. ಪ್ರಾಣಿಯ ಬೆನ್ನಿನ ಭಾಗದಲ್ಲಿ ಹೆಣಿಗೆ ಒತ್ತಾಗಿಯೂ ಹೊಟ್ಟೆಯ ಭಾಗದಲ್ಲಿ ಸಡಿಲವಾಗಿಯೂ ಇರುತ್ತದೆ. ಆದ್ದರಿಂದ ಒಂದೇ ತೊಗಲಿನಿಂದ ಕತ್ತರಿಸಿದ ಎರಡು ತುಂಡುಗಳು ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲ. ಒಂದೇ ಜೊತೆಯ ಎರಡು ಚಪ್ಪಲಿಗಳಲ್ಲಿ ಒಂದು ಬೇಗ ಹೊಂದಿಕೊಂಡು ಇನ್ನೊಂದು ತಡವಾಗುವುದಕ್ಕೆ ಇದೂ ಒಂದು ಕಾರಣ.

ಚರ್ಮವನ್ನು ಎಳೆದು ಕೂಡಲೇ ಬಿಟ್ಟರೆ ಅದು ಬಹುತೇಕ ಮೊದಲಿನ ಅಳತೆಗೆ ಮರಳುತ್ತದೆ. ಎಳೆತವನ್ನು ಗಂಟೆಗಟ್ಟಲೆ ಉಳಿಸಿದರೆ ನಾರುಗಳು ಒಂದರ ಮೇಲೊಂದು ನಿಧಾನವಾಗಿ ಜಾರಿ ಹೊಸ ಸ್ಥಾನದಲ್ಲಿ ನಿಲ್ಲುತ್ತವೆ. ತೇವಾಂಶ ಮತ್ತು ಎಣ್ಣೆ ಈ ಜಾರುವಿಕೆಯನ್ನು ಸುಲಭಗೊಳಿಸುತ್ತವೆ. ತೇವಗೊಂಡ ಚರ್ಮವು ಯಾವ ಆಕಾರದ ಮೇಲೆ ಒಣಗುತ್ತದೆಯೋ ಬಹುಪಾಲು ಅದೇ ಆಕಾರವನ್ನು ಉಳಿಸಿಕೊಳ್ಳುತ್ತದೆ. ಶೂ ತಯಾರಿಕೆಯಲ್ಲಿ ಮೇಲ್ಭಾಗದ ಚರ್ಮವನ್ನು ಪಾದದ ಆಕಾರದ ಅಚ್ಚಿನ ಮೇಲೆ ಎಳೆದು ಕೂರಿಸುವುದು ಇದೇ ತತ್ತ್ವದಿಂದ. ಮನೆಯಲ್ಲಿ ಮಾಡುವ ಹದಗೊಳಿಸುವಿಕೆಯು ಈ ಕೆಲಸದ ಮುಂದುವರಿಕೆಯಾಗಿದೆ. ಇಲ್ಲಿ ಕಾರ್ಖಾನೆಯ ಸರಾಸರಿ ಅಚ್ಚಿನ ಬದಲು ಧರಿಸುವವರ ಪಾದವೇ ಅಚ್ಚಾಗುತ್ತದೆ.

ಹದಮಾಡಿದ ಬಗೆಯೂ ಮುಖ್ಯವಾಗುತ್ತದೆ. ದಕ್ಷಿಣ ಭಾರತದಲ್ಲಿ ತಂಗಡಿ ಗಿಡದ ತೊಗಟೆ, ಜಾಲಿಯ ತೊಗಟೆ ಮತ್ತು ಅಳಲೆಕಾಯಿಗಳಿಂದ ಚರ್ಮವನ್ನು ಹದಮಾಡುವ ಸಂಪ್ರದಾಯವಿದೆ. ಹೀಗೆ ಸಸ್ಯಜನ್ಯ ಒಗರಿನಿಂದ ಹದವಾದ ಚರ್ಮವು ಆರಂಭದಲ್ಲಿ ಗಡುಸು. ಅದು ನೀರು, ಎಣ್ಣೆಗಳನ್ನು ಚೆನ್ನಾಗಿ ಹೀರಿ ಪಾದದ ಅಚ್ಚನ್ನು ಸ್ಪಷ್ಟವಾಗಿ ಪಡೆಯುತ್ತದೆ. ಕ್ರೋಮಿಯಂ ಲವಣಗಳಿಂದ ಹದಮಾಡಿದ ಚರ್ಮವು ಮೊದಲಿನಿಂದಲೇ ಮೆದುವಾಗಿದ್ದು ಹೆಚ್ಚು ಸ್ಥಿತಿಸ್ಥಾಪಕವಾಗಿರುತ್ತದೆ. ಹಿಗ್ಗಿಸಿದ ಮೇಲೆ ಸ್ವಲ್ಪ ಹಿಂದಕ್ಕೆ ಕುಗ್ಗುವ ಪ್ರವೃತ್ತಿ ಇದಕ್ಕಿದೆ. ಇಂದು ಜಗತ್ತಿನಲ್ಲಿ ತಯಾರಾಗುವ ಶೂಗಳ ಮೇಲ್ಭಾಗದ ಚರ್ಮದಲ್ಲಿ ಬಹುಪಾಲು ಕ್ರೋಮ್ ಹದದ್ದು.

ಚರ್ಮವು ತೇವವಾಗಿದ್ದಾಗ ಒಂದು ಮಿತಿಯ ಉಷ್ಣತೆಯನ್ನು ದಾಟಿದರೆ ಕೊಲಾಜೆನ್ ನಾರುಗಳು ಸುರುಟಿಕೊಂಡು ಶಾಶ್ವತವಾಗಿ ಕುಗ್ಗುತ್ತವೆ. ಈ ಮಿತಿಯು ಹಸಿ ತೊಗಲಿಗೆ ಸುಮಾರು 60ರಿಂದ 65 ಡಿಗ್ರಿ ಸೆಲ್ಸಿಯಸ್, ಸಸ್ಯಜನ್ಯ ಹದದ ಚರ್ಮಕ್ಕೆ ಸುಮಾರು 70ರಿಂದ 85 ಡಿಗ್ರಿ ಮತ್ತು ಕ್ರೋಮ್ ಹದದ ಚರ್ಮಕ್ಕೆ ಸುಮಾರು 100 ಡಿಗ್ರಿ. ಒದ್ದೆಯಾದ ಚಪ್ಪಲಿಯನ್ನು ಒಲೆಯ ಪಕ್ಕದಲ್ಲಿಟ್ಟಾಗ ಅದು ಹಿಗ್ಗುವ ಬದಲು ಚಿಕ್ಕದಾಗಿ ಸೀಳುವುದು ಈ ಕಾರಣದಿಂದ.

ಬಿಗಿತದ ಕಾರಣಗಳು

ಪಾದರಕ್ಷೆ ಬಿಗಿಯಾಗಲು ಹೊಸ ಚರ್ಮದ ಗಡುಸುತನ ಒಂದು ಕಾರಣವಾದರೆ ಅಳತೆಯ ತಪ್ಪು ಇನ್ನೊಂದು ಕಾರಣ. ಭಾರತದ ಅಂಗಡಿಗಳಲ್ಲಿ ಬಹುತೇಕ ಬ್ರಿಟಿಷ್ ಅಳತೆ ಬಳಕೆಯಲ್ಲಿದೆ. ಅದರಲ್ಲಿ ಒಂದು ಸಂಖ್ಯೆಗೂ ಮುಂದಿನ ಸಂಖ್ಯೆಗೂ ಇರುವ ಅಂತರ ಒಂದು ಅಂಗುಲದ ಮೂರನೆಯ ಒಂದು ಭಾಗ, ಅಂದರೆ ಸುಮಾರು 8.5 ಮಿಲಿಮೀಟರ್. ಯುರೋಪಿನ ಅಳತೆಯಲ್ಲಿ ಈ ಅಂತರ ಸುಮಾರು 6.7 ಮಿಲಿಮೀಟರ್. ಈ ಸಂಖ್ಯೆಗಳು ಉದ್ದವನ್ನು ಮಾತ್ರ ಸೂಚಿಸುತ್ತವೆ. ಅಗಲಕ್ಕೆ ಪ್ರತ್ಯೇಕ ಗುರುತು ಭಾರತದ ಸಾಮಾನ್ಯ ಅಂಗಡಿಗಳಲ್ಲಿ ಅಪರೂಪ.

1948ರಲ್ಲಿ ಚೆನ್ನೈಯಲ್ಲಿ ಆರಂಭವಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದಾದ್ಯಂತ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳ ಅಳತೆಯನ್ನು ದಾಖಲಿಸಿತು. ಭಾರತೀಯರ ಪಾದಗಳು ಯುರೋಪ್ ಹಾಗೂ ಅಮೆರಿಕದವರ ಪಾದಗಳಿಗಿಂತ ಸಾಮಾನ್ಯವಾಗಿ ಅಗಲವಾಗಿವೆ ಎಂಬುದು ಈ ಸಮೀಕ್ಷೆಯಲ್ಲಿ ಕಂಡುಬಂದಿತು. ಇದರ ಆಧಾರದ ಮೇಲೆ 'ಭಾ' ಎಂಬ ಹೆಸರಿನ ಭಾರತೀಯ ಅಳತೆಯ ಪದ್ಧತಿಯನ್ನು ಪ್ರಸ್ತಾಪಿಸಲಾಗಿದೆ. ಕಿರಿದಾದ ಅಚ್ಚಿನಲ್ಲಿ ಮಾಡಿದ ಶೂ ಅಗಲ ಪಾದದವರಿಗೆ ಬೆರಳುಗಳ ಬುಡದಲ್ಲಿ ಒತ್ತುತ್ತದೆ. ಅದನ್ನು ತಪ್ಪಿಸಲು ಒಂದು ಸಂಖ್ಯೆ ದೊಡ್ಡದನ್ನು ಕೊಂಡರೆ ಉದ್ದ ಹೆಚ್ಚಾಗಿ ಹಿಮ್ಮಡಿ ಜಾರಿ ಉಜ್ಜುತ್ತದೆ. ಮನೆಯಲ್ಲಿ ಅಗಲವನ್ನು ಹೆಚ್ಚಿಸುವ ಉಪಾಯಗಳು ಇಷ್ಟು ಬಳಕೆಗೆ ಬರಲು ಇದು ಒಂದು ಮುಖ್ಯ ಹಿನ್ನೆಲೆ.

ಪಾದಗಳು ದಿನವಿಡೀ ನಿಂತು ನಡೆದ ಮೇಲೆ ಸ್ವಲ್ಪ ಊದುತ್ತವೆ. ಆದ್ದರಿಂದ ಸಂಜೆಯ ಹೊತ್ತಿನಲ್ಲಿ, ನಿಂತುಕೊಂಡು, ಎರಡೂ ಪಾದಗಳನ್ನು ಅಳೆಯುವುದು ಉತ್ತಮ. ಬಹುತೇಕರಲ್ಲಿ ಒಂದು ಪಾದ ಇನ್ನೊಂದಕ್ಕಿಂತ ಸ್ವಲ್ಪ ದೊಡ್ಡದಾಗಿರುವುದರಿಂದ ದೊಡ್ಡ ಪಾದದ ಅಳತೆಯನ್ನು ಗಣನೆಗೆ ತೆಗೆದುಕೊಳ್ಳಬೇಕು. ಅತಿ ಉದ್ದವಾದ ಬೆರಳಿನ ತುದಿಗೂ ಶೂವಿನ ಮುಂಭಾಗಕ್ಕೂ ನಡುವೆ ಸುಮಾರು ಒಂದು ಸೆಂಟಿಮೀಟರ್ ಅಂತರವಿದ್ದರೆ ಉದ್ದ ಸರಿಯಿದೆ ಎಂದರ್ಥ. ಬೆರಳಿನ ತುದಿ ಮುಂಭಾಗಕ್ಕೆ ತಾಗುತ್ತಿದ್ದರೆ ಆ ಶೂವನ್ನು ಯಾವ ವಿಧಾನದಿಂದಲೂ ಸರಿಪಡಿಸಲಾಗದು. ಅದನ್ನು ಬದಲಾಯಿಸಿಕೊಳ್ಳುವುದೇ ಸೂಕ್ತ.

ಮನೆಯ ವಿಧಾನಗಳು

ದಪ್ಪ ಕಾಲುಚೀಲ ಮತ್ತು ಹಂತಹಂತದ ಬಳಕೆ: ಇದು ಅತ್ಯಂತ ಸುರಕ್ಷಿತವಾದ ವಿಧಾನ. ದಪ್ಪನೆಯ ಹತ್ತಿಯ ಅಥವಾ ಉಣ್ಣೆಯ ಕಾಲುಚೀಲ ಧರಿಸಿ ಹೊಸ ಶೂವನ್ನು ಮನೆಯೊಳಗೆ ಮೊದಲ ದಿನಗಳಲ್ಲಿ 20ರಿಂದ 30 ನಿಮಿಷ, ಅನಂತರ ಒಂದು ಗಂಟೆ, ಹೀಗೆ ಅವಧಿಯನ್ನು ಹೆಚ್ಚಿಸುತ್ತ ಹೋಗಲಾಗುತ್ತದೆ. ಪಾದದ ಬಿಸುಪು ಮತ್ತು ಬೆವರಿನ ತೇವವೇ ಚರ್ಮವನ್ನು ಮೆದುಗೊಳಿಸುತ್ತವೆ. ಸಾಮಾನ್ಯ ಶೂ ಒಂದೆರಡು ವಾರಗಳಲ್ಲಿ ಹೊಂದಿಕೊಳ್ಳುತ್ತದೆ. ಎರಡು ಬಳಕೆಗಳ ನಡುವೆ ಒಂದು ದಿನ ಬಿಟ್ಟರೆ ಒಳಗಿನ ತೇವ ಆರಿ ಹೊಸ ಆಕಾರ ನಿಲ್ಲುತ್ತದೆ.

ಕಾಗದ ತುಂಬುವುದು: ವೃತ್ತಪತ್ರಿಕೆಯ ಹಾಳೆಗಳನ್ನು ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿ, ಉಂಡೆ ಮಾಡಿ, ಶೂವಿನ ಮುಂಭಾಗದಲ್ಲಿ ಒತ್ತಾಗಿ ತುಂಬಿ ನೆರಳಿನಲ್ಲಿ ಒಣಗಲು ಬಿಡಲಾಗುತ್ತದೆ. ಒಣಗಲು ಒಂದೆರಡು ದಿನ ಬೇಕಾಗುತ್ತದೆ. ಕಾಗದದ ಮಸಿ ತಿಳಿಬಣ್ಣದ ಒಳಪದರಕ್ಕೆ ಅಂಟಬಹುದಾದ್ದರಿಂದ ಅಂತಹ ಶೂಗಳಿಗೆ ಬಿಳಿ ಕಾಗದ ಅಥವಾ ಹಳೆಯ ಹತ್ತಿಯ ಬಟ್ಟೆಯನ್ನು ಬಳಸುತ್ತಾರೆ. ನೀರಿನಲ್ಲಿ ಊದುವ ಧಾನ್ಯವನ್ನು ಚೀಲದಲ್ಲಿ ಕಟ್ಟಿ ಶೂವಿನೊಳಗೆ ಇಡುವ ಪದ್ಧತಿಯೂ ಇದೇ ತತ್ತ್ವದ್ದು; ಆದರೆ ಧಾನ್ಯ ಹುಳಿತು ವಾಸನೆ ಮತ್ತು ಬೂಷ್ಟು ಹಿಡಿಯುವ ಸಂಭವ ಹೆಚ್ಚು.

ಎಣ್ಣೆ ಸವರುವುದು: ಹರಳೆಣ್ಣೆ ಅಥವಾ ಕೊಬ್ಬರಿ ಎಣ್ಣೆಯ ಕೆಲವೇ ಹನಿಗಳನ್ನು ಬಟ್ಟೆಯಿಂದ ಬಿಗಿಯಾದ ಭಾಗಕ್ಕೆ ತಿಕ್ಕಿ ರಾತ್ರಿಯಿಡೀ ಬಿಡುವುದು ಕರ್ನಾಟಕದಲ್ಲಿ ವ್ಯಾಪಕವಾಗಿರುವ ರೂಢಿ. ಎಣ್ಣೆಯು ನಾರುಗಳ ನಡುವಿನ ಘರ್ಷಣೆಯನ್ನು ಕಡಿಮೆ ಮಾಡುತ್ತದೆ. ಎಣ್ಣೆ ಹೆಚ್ಚಾದರೆ ಚರ್ಮದ ಬಣ್ಣ ಕಪ್ಪಾಗುತ್ತದೆ, ಧೂಳು ಅಂಟುತ್ತದೆ, ಅಂಟಿನ ಜೋಡಣೆಗಳು ಸಡಿಲವಾಗುತ್ತವೆ. ಮಖಮಲಿನಂತೆ ಒರಟು ಮೇಲ್ಮೈ ಇರುವ ಸ್ವೇಡ್ ಚರ್ಮಕ್ಕೆ ಎಣ್ಣೆ ಸಲ್ಲದು.

ಬಿಸಿಗಾಳಿ: ದಪ್ಪ ಕಾಲುಚೀಲದೊಡನೆ ಶೂ ಧರಿಸಿ, ಬಿಗಿಯಾದ ಭಾಗಕ್ಕೆ ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ಸುಮಾರು 20 ಸೆಂಟಿಮೀಟರ್ ದೂರದಿಂದ 20ರಿಂದ 30 ಸೆಕೆಂಡು ಹಾಯಿಸಿ, ಶೂ ತಣ್ಣಗಾಗುವವರೆಗೆ ನಡೆದಾಡಲಾಗುತ್ತದೆ. ಶೂ ಒಣಗಿರಬೇಕು. ತೇವವಿರುವ ಚರ್ಮಕ್ಕೆ ಹೆಚ್ಚು ಶಾಖ ತಗುಲಿದರೆ ಅದು ಕುಗ್ಗುತ್ತದೆ. ಅಟ್ಟೆಯ ಅಂಟೂ ಮೆತ್ತಗಾಗುತ್ತದೆ. ಬಳಿಕ ಚರ್ಮಕ್ಕೆ ಮುಲಾಮು ಅಥವಾ ಪಾಲಿಶ್ ಹಚ್ಚಿ ಕಳೆದುಹೋದ ಜಿಡ್ಡನ್ನು ತುಂಬಬೇಕಾಗುತ್ತದೆ.

ಮದ್ಯಸಾರ ಮತ್ತು ನೀರು: ಔಷಧದಂಗಡಿಯಲ್ಲಿ ದೊರೆಯುವ ಐಸೊಪ್ರೊಪೈಲ್ ಮದ್ಯಸಾರವನ್ನು ಸಮಪ್ರಮಾಣದ ನೀರಿನೊಡನೆ ಬೆರೆಸಿ ಒಳಭಾಗಕ್ಕೆ ಸಿಂಪಡಿಸಿ, ತೇವವಿರುವಾಗಲೇ ಧರಿಸಲಾಗುತ್ತದೆ. ಮದ್ಯಸಾರವು ನೀರು ಚರ್ಮದೊಳಗೆ ಬೇಗ ಇಳಿಯಲು ಮತ್ತು ಬೇಗ ಆರಲು ನೆರವಾಗುತ್ತದೆ. ಇದು ಕೆಲವು ಬಣ್ಣಗಳನ್ನು ಕರಗಿಸುವುದರಿಂದ ಮೊದಲು ಕಾಣದ ಒಂದು ಮೂಲೆಯಲ್ಲಿ ಪರೀಕ್ಷಿಸಬೇಕು. ಇದು ಸುಲಭವಾಗಿ ಹೊತ್ತಿಕೊಳ್ಳುವ ದ್ರವ. ಒಲೆ, ದೀಪಗಳ ಬಳಿ ಬಳಸಬಾರದು. ಬಿಸಿಗಾಳಿಯ ವಿಧಾನದೊಡನೆ ಇದನ್ನು ಸೇರಿಸಬಾರದು.

ಹಿಮಗಟ್ಟಿಸುವುದು: ನೀರು ಹಿಮವಾದಾಗ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹೆಚ್ಚುತ್ತದೆ. ಒಂದರೊಳಗೊಂದು ಇಟ್ಟ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಮೂರನೆಯ ಒಂದು ಭಾಗದಷ್ಟು ನೀರು ತುಂಬಿ ಬಾಯಿ ಕಟ್ಟಿ, ಶೂವಿನ ಮುಂಭಾಗದೊಳಗೆ ಕೂರಿಸಿ, ಶೂವನ್ನು ಫ್ರಿಜ್‌ನ ಹಿಮಕೋಶದಲ್ಲಿ ರಾತ್ರಿಯಿಡೀ ಇಡಲಾಗುತ್ತದೆ. ಹಿಮವು ಎಲ್ಲಿ ತಡೆ ಕಡಿಮೆಯೋ ಆ ಕಡೆಗೆ ಹಿಗ್ಗುವುದರಿಂದ ಇದರ ಪರಿಣಾಮ ಅನಿಶ್ಚಿತ. ಚೀಲ ಸೋರಿದರೆ ಒಳಪದರ ಹಾಳಾಗುತ್ತದೆ. ಹಿಮ ಕರಗುವ ಮೊದಲೇ ಅದನ್ನು ಬಲವಂತವಾಗಿ ಎಳೆದರೆ ಒಳಪದರ ಹರಿಯಬಹುದು.

ಉಜ್ಜುವಿಕೆ ತಗ್ಗಿಸುವ ಉಪಾಯಗಳು: ಹಿಮ್ಮಡಿಯ ಒಳಅಂಚಿಗೆ ಮೇಣದಬತ್ತಿ ಅಥವಾ ಒಣ ಸೋಪನ್ನು ತಿಕ್ಕುವುದು, ಪಾದಕ್ಕೆ ಪೌಡರ್ ಹಾಕುವುದು, ಗಾಯವಾಗುವ ಜಾಗಕ್ಕೆ ಮೊದಲೇ ಅಂಟುಪಟ್ಟಿ ಹಚ್ಚುವುದು ರೂಢಿಯಲ್ಲಿವೆ. ಇವು ಶೂವನ್ನು ಹಿಗ್ಗಿಸುವುದಿಲ್ಲ. ಹಿಗ್ಗುವವರೆಗೆ ಚರ್ಮವನ್ನು ಕಾಪಾಡುತ್ತವೆ. ಪಾದದ ಮೇಲ್ಭಾಗ ಒತ್ತುತ್ತಿದ್ದರೆ ಆ ಜಾಗದ ಒಂದು ಜೊತೆ ರಂಧ್ರಗಳನ್ನು ಬಿಟ್ಟು ಲೇಸು ಕಟ್ಟುವುದು, ಒಳಗಿನ ಮೆತ್ತೆಯನ್ನು ತೆಳುವಾದುದಕ್ಕೆ ಬದಲಾಯಿಸುವುದು ಖರ್ಚಿಲ್ಲದ ಪರಿಹಾರಗಳು.

ಕುಶಲಕರ್ಮಿಗಳ ವಿಧಾನ

ಪಾದರಕ್ಷೆ ದುರಸ್ತಿ ಮಾಡುವವರ ಬಳಿ ಮರದ ಎರಡು ಭಾಗಗಳ ಅಚ್ಚು ಇರುತ್ತದೆ. ತಿರುಪನ್ನು ತಿರುಗಿಸಿದಂತೆ ಎರಡು ಭಾಗಗಳು ಅಗಲಕ್ಕೆ ದೂರ ಸರಿಯುತ್ತವೆ. ಒಳಭಾಗವನ್ನು ಸ್ವಲ್ಪ ತೇವಗೊಳಿಸಿ ಅಚ್ಚನ್ನು ಕೂರಿಸಿ, ದಿನಕ್ಕೆ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಒಂದೆರಡು ದಿನ ಬಿಡಲಾಗುತ್ತದೆ. ಹೆಬ್ಬೆರಳಿನ ಗಂಟು ಅಥವಾ ಕಿರುಬೆರಳು ಒತ್ತುವ ಜಾಗಕ್ಕೆ ಅಚ್ಚಿನ ಮೇಲೆ ಚಿಕ್ಕ ಗುಬುಟನ್ನು ಸಿಕ್ಕಿಸಿ ಅಷ್ಟು ಭಾಗವನ್ನು ಮಾತ್ರ ಹಿಗ್ಗಿಸಬಹುದು. ಗಡುಸಾದ ಹಿಮ್ಮಡಿಯ ಅಂಚನ್ನು ಸುತ್ತಿಗೆಯ ಹಿಡಿ ಅಥವಾ ನುಣುಪಾದ ಲೋಹದ ಮೇಲೆ ಇಟ್ಟು ಮೆಲ್ಲಗೆ ತಟ್ಟಿ ಮೆದುಗೊಳಿಸುತ್ತಾರೆ. ಬೆಲೆಬಾಳುವ ಶೂಗಳಿಗೆ ಮನೆಯ ಪ್ರಯೋಗಗಳಿಗಿಂತ ಈ ವಿಧಾನ ಹೆಚ್ಚು ನಂಬಲರ್ಹ. ಎಳೆತ ಎಲ್ಲಿ ಎಷ್ಟು ಬೇಕೆಂಬುದು ಕೆಲಸಗಾರರ ಹತೋಟಿಯಲ್ಲಿರುವುದೇ ಇದಕ್ಕೆ ಕಾರಣ.

ಕೊಲ್ಹಾಪುರಿ ಚಪ್ಪಲಿ

ಕರ್ನಾಟಕದಲ್ಲಿ ಹದಗೊಳಿಸುವಿಕೆಯ ಅತ್ಯಂತ ಪ್ರಸಿದ್ಧ ಉದಾಹರಣೆ ಕೊಲ್ಹಾಪುರಿ ಚಪ್ಪಲಿ. ಹೆಸರು ಮಹಾರಾಷ್ಟ್ರದ ನಗರದ್ದಾದರೂ ಬೆಳಗಾವಿ ಜಿಲ್ಲೆಯ ಅಥಣಿ ಮತ್ತು ನಿಪ್ಪಾಣಿ ಸುತ್ತಮುತ್ತ ಇದನ್ನು ತಯಾರಿಸುವ ಅನೇಕ ಕುಟುಂಬಗಳಿವೆ. 2019ರಲ್ಲಿ ದೊರೆತ ಭೌಗೋಳಿಕ ಸೂಚಿಯು ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಹಾಗೂ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಎಂಬ ಎಂಟು ಜಿಲ್ಲೆಗಳಿಗೆ ಸಲ್ಲುತ್ತದೆ. ಇದರ ಕರ್ನಾಟಕದ ಪಾಲನ್ನು ಡಾ. ಬಾಬು ಜಗಜೀವನ್ ರಾಮ್ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮವು, ಅಂದರೆ ಲಿಡ್ಕರ್ ಸಂಸ್ಥೆಯು ನೋಡಿಕೊಳ್ಳುತ್ತದೆ.

ಸಾಂಪ್ರದಾಯಿಕ ಕೊಲ್ಹಾಪುರಿಯನ್ನು ಸಸ್ಯಜನ್ಯ ಒಗರಿನಿಂದ ಹದಮಾಡಿದ ಚರ್ಮದಿಂದ, ಮೊಳೆಗಳಿಲ್ಲದೆ, ಚರ್ಮದ ದಾರದಿಂದಲೇ ಹೊಲಿದು ಮಾಡಲಾಗುತ್ತದೆ. ಅಟ್ಟೆ ದಪ್ಪ, ಬಾರು ಗಡುಸು. ಆದ್ದರಿಂದ ಹೊಸ ಜೊತೆಯು ಬೆರಳುಂಗುರ ಮತ್ತು ಬಾರಿನ ಅಂಚುಗಳಲ್ಲಿ ಕಚ್ಚುವುದು ಸಹಜ. ಬಾರು, ಬೆರಳುಂಗುರ ಮತ್ತು ಅಟ್ಟೆಯ ಮೇಲ್ಮೈಗೆ ತೆಳುವಾಗಿ ಎಣ್ಣೆ ಸವರಿ ರಾತ್ರಿ ಬಿಟ್ಟು, ಮರುದಿನ ಒರೆಸಿ, ಮನೆಯೊಳಗೆ ಸ್ವಲ್ಪ ಹೊತ್ತು ಮೆಟ್ಟಿ ನಡೆಯುವುದು ರೂಢಿ. ಕೆಲವು ದಿನಗಳಲ್ಲಿ ಅಟ್ಟೆಯ ಮೇಲೆ ಹಿಮ್ಮಡಿ ಮತ್ತು ಬೆರಳುಗಳ ಗುರುತು ಮೂಡುತ್ತದೆ. ಹೀಗೆ ಹದಗೊಂಡ ಜೊತೆಯು ಬೇರೊಬ್ಬರ ಕಾಲಿಗೆ ಸರಿಹೊಂದುವುದಿಲ್ಲ. ನೀರಿನಲ್ಲಿ ನೆನೆದರೆ ಒಗರು ಕರಗಿ ಅಟ್ಟೆ ಉಬ್ಬುವುದರಿಂದ ಇದನ್ನು ಮಳೆಗಾಲದಲ್ಲಿ ಬಳಸುವುದು ಕಡಿಮೆ.

ಹಿಗ್ಗದ ಪಾದರಕ್ಷೆಗಳು

ನೋಟಕ್ಕೆ ಚರ್ಮದಂತೆ ಕಾಣುವ ಎಲ್ಲ ಶೂಗಳೂ ಚರ್ಮದವಲ್ಲ. ಪಿವಿಸಿ ಮತ್ತು ಪಾಲಿಯುರಿಥೇನ್ ಲೇಪಿತ ಬಟ್ಟೆಯಿಂದ ಮಾಡಿದ ಕೃತಕ ಚರ್ಮದಲ್ಲಿ ಕೊಲಾಜೆನ್ ನಾರುಗಳಿಲ್ಲ. ಅದು ನೀರು, ಎಣ್ಣೆಗಳನ್ನು ಹೀರುವುದಿಲ್ಲ. ಎಳೆದರೆ ಮರಳಿ ಕುಗ್ಗುತ್ತದೆ ಅಥವಾ ಸೀಳುತ್ತದೆ. ಕತ್ತರಿಸಿದ ಅಂಚಿನಲ್ಲಿ ಬಟ್ಟೆಯ ನೇಯ್ಗೆ ಕಂಡರೆ ಅದು ಕೃತಕ; ಒರಟಾದ ನಾರುಗಳು ಕಂಡರೆ ನಿಜವಾದ ಚರ್ಮ. ಕನ್ನಡಿಯಂತೆ ಹೊಳೆಯುವ ಪೇಟೆಂಟ್ ಚರ್ಮದ ಮೇಲಿನ ಪ್ಲಾಸ್ಟಿಕ್ ಪದರವೂ ಹಿಗ್ಗಿಸಿದರೆ ಬಿರುಕು ಬಿಡುತ್ತದೆ.

ಶಾಲಾ ಮಕ್ಕಳ ವಿಷಯದಲ್ಲಿ ಈ ವ್ಯತ್ಯಾಸ ಮುಖ್ಯ. ಕರ್ನಾಟಕ ಸರ್ಕಾರವು 2015-16ನೇ ಸಾಲಿನಿಂದ ಸರ್ಕಾರಿ ಶಾಲೆಗಳ 1ರಿಂದ 10ನೇ ತರಗತಿಯ ಮಕ್ಕಳಿಗೆ ಶೂ ಮತ್ತು ಕಾಲುಚೀಲಗಳನ್ನು ಒದಗಿಸುವ ಯೋಜನೆಯನ್ನು ಜಾರಿಗೆ ತಂದಿತು. ಸಾಮಾನ್ಯವಾಗಿ ಶಾಲಾ ಶೂಗಳು ಕೃತಕ ವಸ್ತುವಿನವು. ಬೆಳೆಯುವ ಮಕ್ಕಳ ಪಾದಕ್ಕೆ ಇವು ಬಿಗಿಯಾದಾಗ ಎಣ್ಣೆ, ಅಚ್ಚುಗಳಿಂದ ಪ್ರಯೋಜನವಿಲ್ಲ. ಕೊಡುವಾಗಲೇ ಪ್ರತಿ ಮಗುವಿನ ಪಾದವನ್ನು ಅಳೆಯುವುದೊಂದೇ ದಾರಿ. ಬಿಗಿ ಶೂವಿನೊಳಗೆ ಬೆರಳುಗಳನ್ನು ಮಡಚಿಕೊಂಡು ನಡೆಯುವ ಮಗು ಆ ತೊಂದರೆಯನ್ನು ತಾನಾಗಿ ಹೇಳದಿರಬಹುದು. ಕರಾವಳಿಯ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಇಬ್ಬರು ವೈದ್ಯರು 1992ರಲ್ಲಿ ಪ್ರಕಟಿಸಿದ 2300 ಮಕ್ಕಳ ಸಮೀಕ್ಷೆಯಲ್ಲಿ, ಪಾದರಕ್ಷೆ ಧರಿಸುವ ಮಕ್ಕಳಲ್ಲಿ ಶೇಕಡ 8.6ರಷ್ಟು ಮಂದಿಗೆ ಚಪ್ಪಟೆ ಪಾದವಿದ್ದರೆ ಬರಿಗಾಲಿನ ಮಕ್ಕಳಲ್ಲಿ ಅದು ಶೇಕಡ 2.8 ಇತ್ತು. ಮುಂಭಾಗ ಮುಚ್ಚಿದ ಶೂ ಧರಿಸುವವರಲ್ಲಿ ಈ ಪ್ರಮಾಣ ಹೆಚ್ಚಾಗಿತ್ತು.

ಕಾರ್ಖಾನೆಗಳಲ್ಲಿ ಬಳಸುವ ಸುರಕ್ಷತಾ ಶೂಗಳ ಮುಂಭಾಗದಲ್ಲಿ ಉಕ್ಕಿನ ಅಥವಾ ಗಟ್ಟಿ ಪ್ಲಾಸ್ಟಿಕ್‌ನ ಟೊಪ್ಪಿಗೆ ಇರುತ್ತದೆ. ಭಾರತದಲ್ಲಿ ಇವುಗಳಿಗೆ ಐಎಸ್ 15298 ಮಾನಕ ಅನ್ವಯಿಸುತ್ತದೆ. ಹಿಮ್ಮಡಿ ಮತ್ತು ಕಣಕಾಲಿನ ಭಾಗದ ಚರ್ಮವನ್ನು ಮೆದುಗೊಳಿಸಬಹುದಾದರೂ ಟೊಪ್ಪಿಗೆಯ ಭಾಗ ಹಿಗ್ಗುವುದಿಲ್ಲ. ಬೆರಳುಗಳಿಗೆ ಒತ್ತುವ ಸುರಕ್ಷತಾ ಶೂವನ್ನು ಬದಲಾಯಿಸಬೇಕು. ಅದನ್ನು ಕತ್ತರಿಸುವುದು ಅಥವಾ ಬಡಿದು ಅಗಲಗೊಳಿಸುವುದು ಅದರ ರಕ್ಷಣೆಯನ್ನೇ ಕಳೆಯುತ್ತದೆ.

ನಂಜನಗೂಡು ಮತ್ತು ತಿ. ನರಸೀಪುರ ಪ್ರದೇಶದಲ್ಲಿ

ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರ ಹೋಬಳಿ ಮತ್ತು ನೆರೆಯ ತಿ. ನರಸೀಪುರ ತಾಲ್ಲೂಕುಗಳು ಕಪಿಲಾ ಹಾಗೂ ಕಾವೇರಿ ನದಿಗಳ ಬಯಲಿನಲ್ಲಿವೆ. 'ಛತ್ರ' ಎಂಬ ಪದ ದಾರಿಹೋಕರು ತಂಗುವ ಮನೆಯನ್ನು ಸೂಚಿಸುತ್ತದೆ. ನಂಜನಗೂಡಿನ ಶ್ರೀಕಂಠೇಶ್ವರ ದೇವಾಲಯ, ತಿ. ನರಸೀಪುರದ ಸಂಗಮ, ತಲಕಾಡಿನ ಮರಳಿನ ನಡುವಿನ ದೇವಾಲಯಗಳು ಕಾಲ್ನಡಿಗೆಯ ಯಾತ್ರಿಕರನ್ನು ಸೆಳೆಯುವ ತಾಣಗಳು. ಇಂತಹ ಯಾತ್ರೆಗೆ ಹೊಸ ಪಾದರಕ್ಷೆ ತೊಟ್ಟು ಹೊರಡುವುದು ಬೊಕ್ಕೆಗಳಿಗೆ ಸಾಮಾನ್ಯ ಕಾರಣ. ದೂರ ನಡೆಯಬೇಕಾದವರು ಹದಗೊಂಡ ಹಳೆಯ ಜೊತೆಯನ್ನೇ ಧರಿಸುವುದು ಅಥವಾ ಹೊಸದನ್ನು ಎರಡು ವಾರ ಮೊದಲೇ ಬಳಸತೊಡಗುವುದು ಸೂಕ್ತ. ನದಿಯಲ್ಲಿ ಮಿಂದು ಒದ್ದೆ ಕಾಲಿನಲ್ಲಿಯೇ ಚರ್ಮದ ಚಪ್ಪಲಿ ಮೆಟ್ಟಿದರೆ ಬಾರು ಹಿಗ್ಗುತ್ತದೆ. ಅದೇ ಚಪ್ಪಲಿಯನ್ನು ಬಿಸಿಲಿನಲ್ಲಿ ಬಿಟ್ಟರೆ ಒಣಗಿ ಗಡುಸಾಗಿ ಮುಂದಿನ ನಡಿಗೆಯಲ್ಲಿ ಕಚ್ಚುತ್ತದೆ.

ಈ ಪ್ರದೇಶದಲ್ಲಿ ನಾಲೆ ನೀರಾವರಿಯ ಭತ್ತದ ಬೇಸಾಯವಿದೆ. ಕೆಸರುಗದ್ದೆಯಲ್ಲಿ ಬರಿಗಾಲಿನಲ್ಲಿ ದುಡಿಯುವವರ ಬೆರಳುಗಳು ಹರಡಿ ಪಾದದ ಮುಂಭಾಗ ಅಗಲವಾಗಿರುತ್ತದೆ. ಇವರು ಅಪರೂಪಕ್ಕೆ ಧರಿಸುವ ಕಿರಿದಾದ ಶೂ ಸಹಜವಾಗಿಯೇ ಒತ್ತುತ್ತದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಹಳ್ಳಿಗಳಿಂದ ಹೋಗುವ ಕಾರ್ಮಿಕರಿಗೆ ದಿನವಿಡೀ ಮುಚ್ಚಿದ ಶೂ ಧರಿಸುವುದು ಅನಿವಾರ್ಯ. ಮಳೆಗಾಲದ ತೇವದಲ್ಲಿ ಎಣ್ಣೆ ಸವರಿದ ಚರ್ಮಕ್ಕೆ ಬೂಷ್ಟು ಬೇಗ ಹಿಡಿಯುವುದರಿಂದ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡದೆ ಗಾಳಿಯಾಡುವ ಕಡೆ ಇಡಬೇಕು.

ಆರೋಗ್ಯದ ಅಂಶಗಳು

ಬಿಗಿಯಾದ ಅಂಚು ಮತ್ತೆ ಮತ್ತೆ ಉಜ್ಜಿದಾಗ ಮೇಲ್ಚರ್ಮದ ಪದರಗಳು ಬೇರ್ಪಟ್ಟು ನಡುವೆ ದ್ರವ ತುಂಬಿ ಬೊಕ್ಕೆ ಏಳುತ್ತದೆ. ಚಿಕ್ಕ ಬೊಕ್ಕೆಯನ್ನು ಒಡೆಯದೆ ಸೋಪುನೀರಿನಿಂದ ತೊಳೆದು ಶುಭ್ರವಾದ ಪಟ್ಟಿ ಹಚ್ಚಿ, ಅದು ಮಾಯುವವರೆಗೆ ಆ ಪಾದರಕ್ಷೆಯನ್ನು ಬಿಡುವುದು ಸರಿಯಾದ ಆರೈಕೆ. ಬಹುಕಾಲದ ಒತ್ತಡದಿಂದ ಆಣಿ, ಒಳಬೆಳೆದ ಉಗುರು, ಹೆಬ್ಬೆರಳಿನ ಗಂಟು ಉಲ್ಬಣಿಸುವುದು ಉಂಟಾಗುತ್ತವೆ. ಸುತ್ತಲೂ ಕೆಂಪು, ಬಿಸುಪು, ಕೀವು ಕಂಡುಬಂದರೆ ವೈದ್ಯರನ್ನು ಕಾಣಬೇಕು.

ಮಧುಮೇಹಿಗಳಲ್ಲಿ ಅಪಾಯದ ಸ್ವರೂಪವೇ ಬೇರೆ. ದೀರ್ಘಕಾಲದ ಮಧುಮೇಹವು ಪಾದದ ನರಗಳನ್ನು ಹಾನಿಗೊಳಿಸಿದಾಗ ನೋವಿನ ಅರಿವು ಕುಂದುತ್ತದೆ. ಚಪ್ಪಲಿ ಕಚ್ಚಿದ್ದು ತಿಳಿಯದೆ ನಡೆಯುತ್ತಲೇ ಹೋದರೆ ಬೊಕ್ಕೆ ಹುಣ್ಣಾಗುತ್ತದೆ. ರಕ್ತಸಂಚಾರವೂ ಕಡಿಮೆಯಿದ್ದರೆ ಹುಣ್ಣು ಮಾಯದೆ ಸೋಂಕು ಮೂಳೆಗೆ ಇಳಿದು ಬೆರಳು ಅಥವಾ ಪಾದವನ್ನು ಕತ್ತರಿಸಬೇಕಾಗುವ ಸ್ಥಿತಿ ಬರಬಹುದು. ಮೆಟ್ಟುತ್ತ ಮೆಟ್ಟುತ್ತ ಸರಿಹೋಗುತ್ತದೆ ಎಂಬ ರೂಢಿಯ ಮಾತು ನೋವೆಂಬ ಎಚ್ಚರಿಕೆಯನ್ನು ನಂಬಿದೆ. ಆ ಎಚ್ಚರಿಕೆ ಇಲ್ಲದವರಿಗೆ ಅದು ಅನ್ವಯಿಸದು. ಇಂತಹವರಿಗೆ ಪಾದರಕ್ಷೆಯು ಕೊಂಡ ದಿನವೇ ಸರಿಹೊಂದಬೇಕು. ಹೊಸದನ್ನು ಮೊದಲು ಒಂದೆರಡು ಗಂಟೆ ಮಾತ್ರ ಧರಿಸಿ ಪಾದವನ್ನು ಕಣ್ಣಿನಿಂದ ಪರೀಕ್ಷಿಸಬೇಕು, ಧರಿಸುವ ಮುನ್ನ ಒಳಗೆ ಕೈಯಾಡಿಸಿ ಕಲ್ಲು, ಮೊಳೆಗಳಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಕುಷ್ಠರೋಗದಿಂದ ಸ್ಪರ್ಶಜ್ಞಾನ ಕಳೆದುಕೊಂಡವರ ಪಾದದ ಹುಣ್ಣುಗಳು ರೋಗದ ಕೊಳೆತದಿಂದಲ್ಲ, ಅರಿವಿಗೆ ಬಾರದ ಒತ್ತಡ ಮತ್ತು ಗಾಯಗಳಿಂದ ಉಂಟಾಗುತ್ತವೆ ಎಂಬುದನ್ನು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಮತ್ತು ಅವರ ಸಹೋದ್ಯೋಗಿಗಳು 20ನೇ ಶತಮಾನದ ಮಧ್ಯಭಾಗದಲ್ಲಿ ತೋರಿಸಿದರು. ಈ ಕಾರ್ಯದ ಫಲವಾಗಿ ಸೂಕ್ಷ್ಮರಂಧ್ರಗಳ ಮೆದು ರಬ್ಬರಿನ, ಎಂಸಿಆರ್ ಎಂದು ಪರಿಚಿತವಾದ ಪಾದರಕ್ಷೆಗಳು ಬಳಕೆಗೆ ಬಂದವು. ಇವುಗಳನ್ನು ಇಂದು ಮಧುಮೇಹಿಗಳಿಗೂ ಸಲಹೆ ಮಾಡಲಾಗುತ್ತದೆ.

ಸಾಮಾಜಿಕ ಹಿನ್ನೆಲೆ

ಪಾದರಕ್ಷೆಯನ್ನು ಹೊಲಿಯುವ ಮತ್ತು ಹದಗೊಳಿಸುವ ಜ್ಞಾನವು ಕರ್ನಾಟಕದಲ್ಲಿ ತಲೆಮಾರುಗಳಿಂದ ಮಾದಿಗ, ಸಮಗಾರ, ಡೋಹರ, ಮೋಚಿ ಮೊದಲಾದ ಸಮುದಾಯಗಳಲ್ಲಿ ಉಳಿದುಬಂದಿದೆ. ಚರ್ಮದ ಕೆಲಸವನ್ನು ಅಶುದ್ಧವೆಂದು ಪರಿಗಣಿಸಿದ ಜಾತಿವ್ಯವಸ್ಥೆಯು ಈ ಕುಶಲಕರ್ಮಿಗಳನ್ನು ಅಸ್ಪೃಶ್ಯತೆಗೆ ಒಳಪಡಿಸಿತು. ತಾವೇ ಹೊಲಿದ ಚಪ್ಪಲಿಯನ್ನು ಮೆಟ್ಟಿ ಮೇಲ್ಜಾತಿಯವರ ಬೀದಿಗಳಲ್ಲಿ ನಡೆಯಲು ಅನೇಕ ಕಡೆ ಅವರಿಗೆ ಅವಕಾಶವಿರಲಿಲ್ಲ. 12ನೇ ಶತಮಾನದ ಶರಣ ಚಳವಳಿಯಲ್ಲಿ ಮಾದಾರ ಚನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಮೊದಲಾದವರು ಈ ಕಸುಬಿನ ಹಿನ್ನೆಲೆಯಿಂದ ಬಂದು ಗೌರವದ ಸ್ಥಾನ ಪಡೆದರು. ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆ ಮಾಡಿ ಅರ್ಪಿಸಿದರೆಂದೂ ಬಸವಣ್ಣನವರು ಅದನ್ನು ಮೆಟ್ಟಲು ಒಪ್ಪಲಿಲ್ಲವೆಂದೂ ಐತಿಹ್ಯವಿದೆ.

ಭಾರತ ಸಂವಿಧಾನದ 17ನೇ ವಿಧಿಯು ಅಸ್ಪೃಶ್ಯತೆಯನ್ನು ನಿಷೇಧಿಸಿದೆ. 1976ರಲ್ಲಿ ಸ್ಥಾಪನೆಯಾದ ಲಿಡ್ಕರ್ ಸಂಸ್ಥೆಯು ಚರ್ಮ ಕುಶಲಕರ್ಮಿಗಳಿಗೆ ತರಬೇತಿ ಮತ್ತು ಮಾರುಕಟ್ಟೆಯ ನೆರವು ನೀಡುತ್ತಿದೆ. ಕಾರ್ಖಾನೆಯಲ್ಲಿ ತಯಾರಾದ ಅಗ್ಗದ ಕೃತಕ ಪಾದರಕ್ಷೆಗಳು ಹೆಚ್ಚಿದಂತೆ ಕಾಲಿನ ಅಳತೆ ತೆಗೆದು ಹೊಲಿದುಕೊಡುವ ಪದ್ಧತಿ ಕಡಿಮೆಯಾಯಿತು. ಅಳತೆಗೆ ಹೊಲಿದ ಜೊತೆಯಲ್ಲಿ ಪಾದದ ಅಗಲ, ಗಂಟು, ಬೆರಳಿನ ಬಾಗುಗಳನ್ನು ಹೊಲಿಯುವವರೇ ಗಮನಿಸುತ್ತಿದ್ದರು. ಸಿದ್ಧ ಪಾದರಕ್ಷೆಯಲ್ಲಿ ಆ ಕೆಲಸವು ಧರಿಸುವವರ ಪಾಲಿಗೆ ಬಂದಿದ್ದು, ಮನೆಯ ಉಪಾಯಗಳಿಂದ ಸರಿಹೋಗದ ಜೊತೆಗಳು ಇಂದಿಗೂ ಬೀದಿಬದಿಯ ದುರಸ್ತಿಗಾರರ ಕೈಯಲ್ಲಿ ಹದಗೊಳ್ಳುತ್ತವೆ.